ಮಡಿಚಿದ ಬೆರಳು

ರತ್ಸಿಂಬನಿಗೆ ಸಮಾಧಿ ಇರಲಿಲ್ಲ. ಗುಡ್ಡನಾಡಿನ ಮೇಲಿನ ಪಟ್ಟಣದಲ್ಲಿ ಎರಡು ಕೋಣೆಯ ಮನೆಯಿತ್ತು, ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸವಿತ್ತು, ಫ್ರೆಂಚ್ ಬರುತ್ತಿತ್ತು, ಭಾನುವಾರ ಹಾಕಿಕೊಳ್ಳಲು ಚರ್ಮದ ಬೂಟುಗಳಿದ್ದವು. ಸತ್ತ ಮೇಲೆ ಹೋಗಿ ಮಲಗುವುದಕ್ಕೆ ಹಿರಿಯರ ಸಾಲು ಇರಲಿಲ್ಲ. ಅವನ ಅಜ್ಜಿಯನ್ನು ಸಂತೆಯಲ್ಲಿ ಮಾರಿದ್ದರು. ಎಲ್ಲಿಂದ ಹಿಡಿದು ತಂದಿದ್ದರೆಂದು ಅವನ ತಾಯಿಗೂ ಗೊತ್ತಿರಲಿಲ್ಲ. ತಾಯಿ ಸತ್ತಾಗ ಊರ ಹೊರಗೆ ದಾರಿ ಬದಿಯ ಕೆಮ್ಮಣ್ಣಿನ ದಿಬ್ಬದಲ್ಲಿ ಹೂತು, ಮೇಲೊಂದು ಕಲ್ಲಿಟ್ಟು ಬಂದಿದ್ದ. ಅದನ್ನು ಯಾರೂ ಸಮಾಧಿ ಎನ್ನುವುದಿಲ್ಲ. ಅದು ಗುಂಡಿ.

ಆದ್ದರಿಂದ ಕಾಡಂಚಿನ ಅಂಬಾಲಾವೆರು ಹಳ್ಳಿಯಲ್ಲಿ, ಒಲೆಯಾಚೆ ಕುಳಿತ ಮುದುಕ "ನಿಮ್ಮೋರ ಸಮಾಧಿ ಯಾವ ಕಡೆ?" ಎಂದು ಕೇಳಿದಾಗ ರತ್ಸಿಂಬ ಬಟ್ಟಲನ್ನು ಬಾಯಿಂದ ತೆಗೆಯಲಿಲ್ಲ. ತಳದಲ್ಲಿ ಸೀದ ಅನ್ನಕ್ಕೆ ಹಾಕಿ ಕಾಯಿಸಿದ ಬಿಸಿನೀರನ್ನು ಕೊನೆಯ ಹನಿಯವರೆಗೂ ಕುಡಿದ. ಆಮೇಲೆ, ಪಶ್ಚಿಮಕ್ಕೆ, ದೂರ, ಎಂದ.

"ಪಶ್ಚಿಮಕ್ಕೆ ಅಂದ್ರೆ?" ಎಂದಳು ಮುದುಕನ ಮಗಳು ಜೀನ. "ಸೂರ್ಯನೂ ದಿನಾ ಅಲ್ಲೇ ಹೋಗಿ ಬೀಳ್ತಾನೆ. ಊರಿಗೊಂದು ಹೆಸರಿಲ್ವಾ?"

ಮುದುಕ ಮಗಳತ್ತ ನೋಡಿದ. ಅವಳು ಒಲೆಗೆ ಸೌದೆ ನೂಕಿದಳು. ಮುದುಕನಿಗೆ ತನ್ನದೇ ಹೆಸರೊಂದು ಇದ್ದಿರಬೇಕು, ಆದರೆ ಮಗಳು ಹುಟ್ಟಿದಂದಿನಿಂದ ಊರಿಗೆಲ್ಲ ಅವನು ಜೀನಳ ಅಪ್ಪ. ಜೀನಳಿಗೆ ಈಗ ನಲವತ್ತು ದಾಟಿತ್ತು. ಗಂಡ ರಸ್ತೆ ಕೆಲಸಕ್ಕೆ ಹೋದವನು ಹಿಂದೆ ಬಂದಿರಲಿಲ್ಲ.

ರತ್ಸಿಂಬನ ಪಕ್ಕದಲ್ಲಿ ಫ್ರೆಂಚ್ ದೊರೆ ಎತಿಯೆನ್ ಮೊರ್ವಾಲ್ ಕಾಲು ಮಡಚಲಾಗದೆ ಒದ್ದಾಡುತ್ತ ಕುಳಿತಿದ್ದ. ಆರು ವರ್ಷದಿಂದ ಅವನು ಮಡಗಾಸ್ಕರಿನ ಪೂರ್ವದ ಕಾಡನ್ನು ಅಳೆಯುತ್ತಿದ್ದ. ಪ್ಯಾರಿಸ್ಸಿನ ಪಂಡಿತರ ಮುಂದಿಡಲು ಒಂದು ದಪ್ಪ ಪುಸ್ತಕ ಬರೆಯುತ್ತಿದ್ದ. ಅದರ ದೊಡ್ಡ ನಕ್ಷೆಯಲ್ಲಿ ಇನ್ನು ಅಂಗೈಯಷ್ಟು ಜಾಗ ಮಾತ್ರ ಬಿಳಿಯಾಗಿ ಉಳಿದಿತ್ತು. ಆ ಅಂಗೈಯ ನಡುವೆ ಈ ಹಳ್ಳಿ. ಮೊರ್ವಾಲ್ ಸೋಮಾರಿಯಲ್ಲ. ಹೊಳೆ ದಾಟುವಾಗ ಹೆಜ್ಜೆ ಎಣಿಸುತ್ತಿದ್ದ, ಮಣ್ಣನ್ನು ನಾಲಿಗೆಗೆ ತಾಗಿಸಿ ನೋಡುತ್ತಿದ್ದ, ಹೆಂಗಸರನ್ನು ಕೂರಿಸಿಕೊಂಡು ನಲವತ್ತೊಂದು ಬತ್ತದ ತಳಿಗಳ ಹೆಸರು ಬರೆದುಕೊಂಡಿದ್ದ. ಜ್ವರದಲ್ಲಿ ನಡುಗುತ್ತಲೇ ಗುಡ್ಡ ಹತ್ತಿದ್ದನ್ನು ರತ್ಸಿಂಬ ಕಣ್ಣಾರೆ ಕಂಡಿದ್ದ. ಆದರೆ ದಿಕ್ಕಿನ ವಿಷಯದಲ್ಲಿ ಮಾತ್ರ ಅವನು ಹಸುಳೆ. ಇಲ್ಲಿಯ ಜನ ಮನೆಯೊಳಗೂ ಎಡ ಬಲ ಎನ್ನದೆ ದಿಕ್ಕನ್ನೇ ಹೇಳುತ್ತಿದ್ದರು. ಊಟದ ನಡುವೆ ಜೀನ, ದೊರೆ ತಟ್ಟೆಯನ್ನು ಒಂದು ಗೇಣು ಉತ್ತರಕ್ಕೆ ಸರಿಸಲಿ, ಕೋಳಿ ಬಾಯಿ ಹಾಕುತ್ತಿದೆ ಎಂದಳು. ರತ್ಸಿಂಬ ಅದನ್ನು ಹೇಳಿದ ಕೂಡಲೇ ಮೊರ್ವಾಲ್ ಜೇಬಿನಿಂದ ದಿಕ್ಸೂಚಿ ತೆಗೆದ.

ಮನೆಯೆಲ್ಲ ನಕ್ಕಿತು. "ಭೂಮಿ ಅಳೆಯೋಕೆ ಬಂದೋನಿಗೆ ಸ್ವಂತ ತಟ್ಟೆಯ ಉತ್ತರ ಗೊತ್ತಿಲ್ಲ," ಎಂದಳು ಜೀನ. ಅಷ್ಟರಲ್ಲಿ ಕೋಳಿ ಮೀನಿನ ತುಂಡನ್ನು ಕೊಂಡೊಯ್ದಿತ್ತು. ರತ್ಸಿಂಬ ಅವಳ ಮಾತನ್ನು ಅನುವಾದಿಸಿದ. ಮೊರ್ವಾಲ್ ತಾನೂ ನಕ್ಕ. ಹಾಗೆ ನಗುವ ಬಿಳಿಯರನ್ನು ರತ್ಸಿಂಬ ಹೆಚ್ಚು ಕಂಡಿರಲಿಲ್ಲ.

ಮೂರನೆಯ ದಿನ ಅವರು ಹಳ್ಳಿಯ ಹಿಂದಿನ ಗುಡ್ಡ ಹತ್ತಿದರು. ಮೂರು ಕಾಲಿನ ಹಲಗೆ ನಿಲ್ಲಿಸಿ, ಮೇಲೆ ಕಾಗದ ಬಿಗಿದು, ಮೊರ್ವಾಲ್ ದೂರದರ್ಶಕಕ್ಕೆ ಕಣ್ಣಿಟ್ಟ. ಗುಡ್ಡ ಹೊಳೆಗಳ ಹೆಸರು ಹೇಳಲು ಜೀನ ಬಂದಿದ್ದಳು. ಹಳ್ಳಿಯಲ್ಲಿ ಅಪ್ಪನನ್ನು ಬಿಟ್ಟರೆ ಹೆಸರುಗಳೆಲ್ಲ ಬಾಯಲ್ಲಿದ್ದದ್ದು ಅವಳಿಗೇ. ಮುದುಕನೂ ಕೋಲೂರಿಕೊಂಡು ಬಂದು ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಅವಳು ಕೈಚಾಚಿ, ಬೆರಳು ನೆಟ್ಟಗೆ ಮಾಡಿ, ಒಂದೊಂದನ್ನೇ ತೋರಿಸಿದಳು. ಜೇನುಗುಡ್ಡ. ಹಾವುಮೀನಿನ ಹೊಳೆ. ಎರಡು ಅಕ್ಕತಂಗಿ ಬಂಡೆಗಳು. ರತ್ಸಿಂಬ ಹೆಸರನ್ನು ಫ್ರೆಂಚಿನಲ್ಲಿ ಕೂಗುತ್ತಿದ್ದ. ಮೊರ್ವಾಲ್ ಗೆರೆ ಎಳೆದು ಬರೆಯುತ್ತಿದ್ದ.

ಜೀನಳ ಕೈ ಆಗ್ನೇಯದ ಕಡೆ ತಿರುಗಿತು. ಅಲ್ಲಿ ಎರಡು ತೊರೆ ಕೂಡುವ ಕಡೆ ಕಾಡು ಕಪ್ಪಾಗಿತ್ತು. ಅದನ್ನು ದಾಟಿಸಿಬಿಡಬೇಕೆಂದು ಅವಳು ಕೈಯನ್ನು ಬೇಗ ಸರಿಸಿದಳು. ಆದರೂ ಕೈ ಅದರ ಮೇಲೆ ಹಾಯುವಾಗ ಬೆರಳು ತಾನಾಗಿ ಮಡಿಚಿಕೊಂಡಿತು. ಬೆರಳಿನ ಗಿಣ್ಣು ಕಾಡಿನ ಕಡೆ ನೋಡಿತು. ದಾಟಿದ ಮೇಲೆ ಮತ್ತೆ ನೆಟ್ಟಗಾಯಿತು.

ಸಮಾಧಿಯ ಕಡೆ ಯಾರೂ ನೆಟ್ಟ ಬೆರಳು ಚಾಚುವುದಿಲ್ಲ. ಇದು ಯೋಚಿಸಿ ಮಾಡುವುದಲ್ಲ, ನಡೆಯಲು ಕಲಿಯುವಾಗಲೇ ಬೆರಳಿಗೆ ಕಲಿಸುವುದು. ತಮ್ಮದೆಂಬ ಒಂದು ಸಮಾಧಿಯೂ ಇಲ್ಲದ ರತ್ಸಿಂಬನ ತಾಯಿ ಕೂಡ, ಬೇರೆಯವರ ಸಮಾಧಿಗೆ ಬೆರಳು ತೋರಿಸಿದನೆಂದು ಅವನ ಕೈಗೆ ಸೌಟಿನಿಂದ ಹೊಡೆದಿದ್ದಳು.

"ಅಲ್ಲೇನಿದೆ?" ಎಂದು ಮೊರ್ವಾಲ್ ಕಣ್ಣೆತ್ತದೆ ಕೇಳಿದ.

"ಕಾಡು," ಎಂದಳು ಜೀನ.

ಕಾಡು ಎಂದು ರತ್ಸಿಂಬ ಅನುವಾದಿಸಿದ. ತಿರುಗಿ ನೋಡಿದಾಗ ಮುದುಕ ಅವನನ್ನೇ ನೋಡುತ್ತಿದ್ದ.

ಸಂಜೆ ರತ್ಸಿಂಬ ಜಗಲಿಯಲ್ಲಿ ಕುಳಿತು ಲೇಖನಿಯ ಮೊನೆಗಳನ್ನು ತೊಳೆಯುತ್ತಿದ್ದ. ಮೊರ್ವಾಲ್ ಹೊಳೆಗೆ ಸ್ನಾನಕ್ಕೆ ಹೋಗಿದ್ದ. ಜೀನಳ ಅಪ್ಪ ಬಂದು ಪಕ್ಕದಲ್ಲಿ ಕುಳಿತ.

"ನೀನು ನೋಡ್ದೆ," ಎಂದ.

"ನೋಡ್ದೆ, ಯಜಮಾನ್ರೆ."

"ದೊರೆಗೆ ಹೇಳ್ದಾ?"

"ಇನ್ನೂ ಇಲ್ಲ."

ಮುದುಕ ಸ್ವಲ್ಪ ಹೊತ್ತು ಲೇಖನಿಗಳನ್ನು ನೋಡಿದ. "ಸರ್ಕಾರದೋರು ಗಂಡಸರ ಹೆಸರು ಬರ್ಕೊಂಡು ಹೋದ್ರು. ಆ ವರ್ಷ ಗಂಡಸರನ್ನ ರಸ್ತೆಗೆ ಎಳ್ಕೊಂಡು ಹೋದ್ರು. ಗುಡ್ಡದ ಗದ್ದೆ ಬರ್ಕೊಂಡು ಹೋದ್ರು. ಕಾಡಿನ ಪೇದೆ ಬಂದು ಕಣಜಕ್ಕೆ ಬೆಂಕಿ ಇಟ್ಟ. ಬರೆಸ್ಕೊಳ್ದೆ ಉಳ್ದಿರೋರು ಸತ್ತೋರು ಮಾತ್ರ."

ರತ್ಸಿಂಬನ ಬಾಯಿಗೆ ಒಂದು ಮಾತು ಬಂತು. ಸಮಾಧಿಗೆ ನಕ್ಷೆಯಲ್ಲಿ ಒಂದು ಗುರುತಿದೆ, ಚಿಕ್ಕ ಚೌಕ, ನಡುವೆ ಚುಕ್ಕೆ. ಆ ಚೌಕವಿದ್ದಲ್ಲಿ ರಸ್ತೆ ಎಳೆಯುವುದಿಲ್ಲ, ಭೂಮಿಯನ್ನು ಯಾರಿಗೂ ಕೊಡುವುದಿಲ್ಲ. ಅಂಥ ನಾನೂರು ಚೌಕಗಳನ್ನು ಅವನೇ ಬರೆದಿದ್ದ. ಮೊರ್ವಾಲ್ ಈ ವಿಷಯದಲ್ಲಿ ಕಟ್ಟುನಿಟ್ಟು. ಬೇರೇನು ಬಿಟ್ಟರೂ ಸಮಾಧಿ ಬಿಡಬಾರದು ಎನ್ನುತ್ತಿದ್ದ. ಮಹಾಯುದ್ಧದಲ್ಲಿ ಸತ್ತ ಅವನ ತಮ್ಮನನ್ನು ಎಲ್ಲಿ ಹೂತರೆಂದು ಫ್ರಾನ್ಸಿನ ಸೈನ್ಯಕ್ಕೇ ಗೊತ್ತಿರಲಿಲ್ಲ. ಅವನ ತಾಯಿ ಪ್ರತಿ ವರ್ಷ ಒಂದು ಖಾಲಿ ಹೊಲಕ್ಕೆ ಹೋಗಿ ಅತ್ತು ಬರುತ್ತಿದ್ದಳಂತೆ.

ಇಷ್ಟನ್ನು ಮುದುಕನಿಗೆ ಹೇಳಬೇಕಿತ್ತು. ರತ್ಸಿಂಬ ಬಾಯಿ ತೆರೆದ. ಅಷ್ಟರಲ್ಲಿ ಮುದುಕ ಹೇಳಿದ, "ನಿನಗೆ ಸಮಾಧಿ ಇಲ್ಲ."

ರತ್ಸಿಂಬ ತೊಳೆದ ಮೊನೆಯನ್ನೇ ಮತ್ತೆ ತೊಳೆದ.

"ನಾನು ಕೇಳ್ದಾಗ ನೀನು ಬಟ್ಟಲು ಹಿಡ್ಕೊಂಡ ರೀತಿ ನೋಡಿದ್ನಪ್ಪ. ನಿಮ್ಮಜ್ಜಿ ಯಾರು, ಯಾರ ಮನೇಲಿದ್ಲು, ನಾನು ಕೇಳಲ್ಲ. ಊರಿಗೂ ಹೇಳಲ್ಲ. ಕಂಡದ್ದನ್ನ ಬರೀಬೇಡ. ನನ್ನ ಜೊತೆ ರಕ್ತ ಕುಡಿ. ತಮ್ಮ ಆಗ್ತೀಯ. ತಮ್ಮನಿಗೆ ನಮ್ಮಲ್ಲಿ ಜಾಗ ಇದೆ. ನಿಮ್ಮಮ್ಮ ಎಲ್ಲಿದಾರೆ?"

"ದಾರಿ ಬದೀಲಿ."

"ಅವರಿಗೂ ಇದೆ."

ಬಾಯಿಗೆ ಬಂದಿದ್ದ ಮಾತನ್ನು ರತ್ಸಿಂಬ ನುಂಗಿದ. ಬರೆದರೆ ಉಳಿಯುತ್ತದೆ ಎಂದರೆ ಮುದುಕನಿಗೆ ತನ್ನ ಮೌನ ಬೇಕಾಗುವುದಿಲ್ಲ. ಮೌನ ಬೇಡವಾದರೆ ಜಾಗವೂ ಇಲ್ಲ. ಅಂದು ಇದನ್ನು ಅವನು ಹೀಗೆ ಬಿಡಿಸಿ ನೋಡಿರಲಿಲ್ಲ. ಬಿಡಿಸಿ ನೋಡಿದ್ದು ಆಮೇಲೆ.

ಮರುದಿನ ಬೆಳಿಗ್ಗೆ ಊರವರ ಎದುರು ಇಬ್ಬರೂ ಎದೆಯ ಮೇಲೆ ಚಾಕುವಿನಿಂದ ಗೀರಿಕೊಂಡರು. ಶುಂಠಿಯ ಚೂರನ್ನು ಒಬ್ಬರ ರಕ್ತದಲ್ಲಿ ಇನ್ನೊಬ್ಬರು ಅದ್ದಿ ನುಂಗಿದರು. ಮಾತು ಮುರಿದವನ ಹೊಟ್ಟೆಯಲ್ಲಿ ಈ ಶುಂಠಿ ಬೇರು ಬಿಡಲಿ ಎಂದು ಜೀನಳ ಅಪ್ಪ ಹೇಳಿದ. ಮೊರ್ವಾಲ್ ಇದನ್ನೆಲ್ಲ ಸಂತೋಷದಿಂದ ಟಿಪ್ಪಣಿ ಮಾಡಿಕೊಂಡ, ಶುಂಠಿಯ ಉದ್ದವನ್ನೂ ಸೇರಿಸಿ.

"ನನಗಿಂತ ಹತ್ತು ವರ್ಷ ಚಿಕ್ಕ ಚಿಕ್ಕಪ್ಪ ಸಿಕ್ಕಿದ," ಎಂದಳು ಜೀನ. "ಚಿಕ್ಕಪ್ಪ, ಬಾರಪ್ಪ, ಮಗಳಿಗೆ ಒಂದಿಷ್ಟು ಸೌದೆ ಒಡೆದುಕೊಡು." ರತ್ಸಿಂಬ ಸೌದೆ ಒಡೆದ. ಎದೆಯ ಗೀರು ಉರಿಯುತ್ತಿತ್ತು. ಅವನನ್ನು ಯಾರೂ ಅದುವರೆಗೆ ಚಿಕ್ಕಪ್ಪ ಎಂದಿರಲಿಲ್ಲ.

ಪಟ್ಟಣಕ್ಕೆ ಮರಳಿದ ಮೇಲೆ ಅವನು ಹಾಳೆಗೆ ಮಸಿ ಹಾಕಿದ. ಎರಡು ತೊರೆ ಕೂಡುವ ಜಾಗಕ್ಕೆ ಬಂದಾಗ ಲೇಖನಿಯನ್ನು ಎತ್ತಿಕೊಂಡ. ಇಲ್ಲೇನೂ ಕಾಣುತ್ತಿಲ್ಲವಲ್ಲ ಎಂದು ಮೊರ್ವಾಲ್ ವಿಚಾರಿಸಿದ. ಏನೂ ಇಲ್ಲ ಎಂದ ರತ್ಸಿಂಬ. ಗದ್ದೆ? ಇಲ್ಲ. ಜೇನಿನ ಮರ? ಇಲ್ಲ. ಜನ ಹೋಗುತ್ತಾರೆಯೆ? ಯಾರೂ ಹೋಗುವುದಿಲ್ಲ. ಈ ಕೊನೆಯ ಮಾತು ಸುಳ್ಳೂ ಆಗಿರಲಿಲ್ಲ, ಹೆಣ ಹೊತ್ತಾಗಲ್ಲದೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಮೊರ್ವಾಲ್ ತನ್ನ ಚಂದದ ಅಕ್ಷರದಲ್ಲಿ ಆ ಬಿಳಿಯ ಮೇಲೆ 'ಜನವಿಲ್ಲದ, ಬಳಕೆಯಲ್ಲಿಲ್ಲದ ಕಾಡು' ಎಂದು ಬರೆದು, ಹಾಳೆಯ ಮೂಲೆಯಲ್ಲಿ ಸಹಿ ಹಾಕಿದ. ಮಳೆಗಾಲ ಕಳೆಯುವಷ್ಟರಲ್ಲಿ ಇನ್ನೂರು ಪ್ರತಿ ಅಚ್ಚಾಯಿತು.

ಚಳಿಗಾಲದಲ್ಲಿ ರತ್ಸಿಂಬ ದಿಬ್ಬವನ್ನು ಅಗೆದ. ತಾಯಿ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸಿದಳು. ಹೊಸ ರೇಷ್ಮೆಯಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು, ಮೂರು ದಿನ ಇಳಿಜಾರಿನಲ್ಲಿ ನಡೆದ. ದಾರಿಯುದ್ದಕ್ಕೂ ಎದುರಾದವರು ಏನು ಹೊತ್ತಿದ್ದೀಯ ಎಂದು ಕೇಳಿದರೆ, ಅಮ್ಮನನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದ. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಾಗೆ ಅವನಿಗೆ ದಾರಿ ಬಿಟ್ಟದ್ದು ಅದೇ ಮೊದಲು.

ಎರಡು ತೊರೆ ಕೂಡುವಲ್ಲಿ ಪಾಚಿಗಟ್ಟಿದ ಏಳು ಮರದ ಮನೆಗಳಿದ್ದವು, ಮೊಣಕಾಲೆತ್ತರದವು. ಒಳಗೆ ಸತ್ತವರನ್ನಿಟ್ಟ ಕೊರೆದ ದಿಮ್ಮಿಗಳು. ಮನೆಗಳಲ್ಲಿ ಗಂಡಸರದು ಮೂರು, ಹೆಂಗಸರದು ಮೂರು, ಮಕ್ಕಳದು ಒಂದು. ಯಾವ ದಿಮ್ಮಿಯಲ್ಲಿ ಯಾರು ಎಂಬುದು ಜೀನಳ ಅಪ್ಪನಿಗೆ ಬಾಯಿಪಾಠ. ಅವನು ಅದನ್ನು ಮಗಳಿಗೆ ಕಲಿಸಿದ್ದ. ಹೆಂಗಸರ ಮೂರನೆಯ ಮನೆಯಲ್ಲಿ, ಗೋಡೆ ಪಕ್ಕದಲ್ಲಿ ತಾಯಿಗೆ ಜಾಗ ಸಿಕ್ಕಿತು. "ಇವರು ಯಾರು ಅಂತ ಕೇಳ್ಬೇಡಿ, ಸ್ವಲ್ಪ ಜರುಗಿ ಜಾಗ ಕೊಡಿ," ಎಂದು ಮುದುಕ ಒಳಗಿದ್ದವರಿಗೆ ಹೇಳಿ, ಕಬ್ಬಿನ ಹೆಂಡ ಸುರಿದ. ರತ್ಸಿಂಬ ಅಲ್ಲಿಂದ ಬರುವಾಗ ಹಿಂದೆ ತಿರುಗಿ, ಬೆರಳು ಮಡಿಚಿ, ಆ ಕಡೆ ತೋರಿಸಿ ನೋಡಿಕೊಂಡ. ಸುಮ್ಮನೆ.

ಮುಂದಿನ ವರ್ಷ ಮುದುಕ ತಾನೂ ಅಲ್ಲಿಗೆ ಹೋದ. ಗಂಡಸರ ಸಾಲಿನಲ್ಲಿ ಕೊನೆಯವನು.

ಅದೇ ವರ್ಷ ಒಂದು ಹೊಸ ಕಾನೂನು ಬಂತು. ಯಾರ ಬಳಕೆಯಲ್ಲೂ ಇಲ್ಲದ ಭೂಮಿ ಸರ್ಕಾರದ್ದು, ಸರ್ಕಾರ ಅದನ್ನು ಬೇಕಾದವರಿಗೆ ಕೊಡಬಹುದು. ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ರತ್ಸಿಂಬನ ಮೇಜಿಗೆ ಒಂದು ಕಡತ ಬಂದು ಬಿತ್ತು. ಕಾಫಿ ಬೆಳೆಯಲು ದ್ವೀಪದಾಚೆಯಿಂದ ಬಂದ ಒಬ್ಬನಿಗೆ ಮುನ್ನೂರು ಹೆಕ್ಟೇರು ಕಾಡು. ಗಡಿಯ ಗೆರೆಯನ್ನು ನಕ್ಷೆಯ ಮೇಲೆ ಕೆಂಪು ಮಸಿಯಲ್ಲಿ ಎಳೆಯಬೇಕು. ಜೊತೆಗಿದ್ದ ನಕ್ಷೆ ಮೊರ್ವಾಲನದು. ಕೆಂಪು ಗೆರೆ ಹೋಗಬೇಕಿದ್ದದ್ದು ಆ ಬಿಳಿಯ ಸುತ್ತ.

ರತ್ಸಿಂಬ ಮಧ್ಯಾಹ್ನದವರೆಗೆ ಮಸಿ ಕಲಸುತ್ತ ಕುಳಿತ. ಆಮೇಲೆ ಗೆರೆ ಎಳೆಯುವ ಮೊದಲು, ಕಪ್ಪು ಮಸಿಯಲ್ಲಿ, ಎರಡು ತೊರೆ ಕೂಡುವಲ್ಲಿ, ಒಂದು ಚಿಕ್ಕ ಚೌಕ ಬರೆದು ನಡುವೆ ಚುಕ್ಕೆ ಇಟ್ಟ. ಜೀವನದಲ್ಲಿ ಅವನು ಅಷ್ಟು ಅಚ್ಚುಕಟ್ಟಾದ ಚೌಕ ಎಂದೂ ಬರೆದಿರಲಿಲ್ಲ. ಕಚೇರಿಯ ಮುಖ್ಯಸ್ಥ ಹಾಳೆಯನ್ನು ಬೆಳಕಿಗೆ ಹಿಡಿದು, ಅಚ್ಚಾದ ಪ್ರತಿಯ ಜೊತೆ ಹೋಲಿಸಿ ನೋಡಿದ.

"ಇಲ್ಲಿ ನೊಣ ಕೂತಿತ್ತಾ?" ಎಂದು ಕೇಳಿ, ಬ್ಲೇಡಿನಿಂದ ಕೆರೆದು ತೆಗೆದ.

ಮೊರ್ವಾಲ್ ಆಗ ಸಾಮಾನು ಕಟ್ಟುತ್ತಿದ್ದ. ಎರಡು ತಿಂಗಳಲ್ಲಿ ಹಡಗು. ಮೇಜಿನ ತುಂಬ ಪುಸ್ತಕದ ಅಚ್ಚಿನ ಕರಡುಗಳು ಹರಡಿದ್ದವು. ರತ್ಸಿಂಬ ನಿಂತುಕೊಂಡೇ ಎಲ್ಲ ಹೇಳಿದ, ಬೆರಳು, ಶುಂಠಿ, ಏಳು ಮನೆ. ತಾಯಿಯ ವಿಷಯ ಮಾತ್ರ ಹೇಳಲಿಲ್ಲ. ಮೊರ್ವಾಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನಾನೂರು ಗುರುತು ಹಾಕಿದವನು ನೀನು. ಇದೊಂದನ್ನು ಹಾಕಿದ್ದರೆ ಅಲ್ಲಿಗೆ ಯಾರೂ ಕಾಲಿಡುತ್ತಿರಲಿಲ್ಲ."

"ಬರೀಬೇಡ ಅಂದ್ರು, ದೊರೆ."

"ಅವರಿಗೇನು ಗೊತ್ತು? ಬರೆದರೆ ಉಳಿಯುತ್ತದೆ ಅಂತ ನೀನು ಹೇಳಿದೆಯಾ ಅವರಿಗೆ?"

ರತ್ಸಿಂಬ ಹೊರಗೆ ನೋಡಿದ. ಬೀದಿಯಲ್ಲಿ ಯಾರೋ ಬಾತುಕೋಳಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು.

ಮೊರ್ವಾಲ್ ಅಲ್ಲೇ ಕುಳಿತು ಸರ್ಕಾರಕ್ಕೆ ಕಾಗದ ಬರೆದ. ಒಳ್ಳೆಯ ಕಾಗದ, ಎರಡು ಪುಟ. ಆ ಹಳ್ಳಿಯ ಜನರ ಬಗ್ಗೆ ಮರುಕದ ಮಾತುಗಳಿದ್ದವು. ಆದರೆ ಸಮಾಧಿಗಳಿವೆ ಎಂಬಲ್ಲಿ 'ನನ್ನ ದೇಶೀಯ ಸಹಾಯಕನ ಹೇಳಿಕೆಯಂತೆ' ಎಂದಿತ್ತು. ತನ್ನ ನಕ್ಷೆಯಲ್ಲಿ ತಪ್ಪಿದೆ ಎಂದು ಎಲ್ಲೂ ಇರಲಿಲ್ಲ. ರತ್ಸಿಂಬ ಅದನ್ನು ಎರಡು ಸಲ ಓದಿ, ನಕ್ಷೆ ತಪ್ಪಾಗಿದೆ ಎಂದು ಒಂದು ಸಾಲು ಸೇರಿಸಲಾಗುತ್ತದೆಯೆ ಎಂದು ಕೇಳಿದ.

"ಪುಸ್ತಕ ಅಚ್ಚಿನಲ್ಲಿದೆ, ರತ್ಸಿಂಬ," ಎಂದ ಮೊರ್ವಾಲ್. ಅವನ ಮುಖ ಕೆಂಪಾಗಿತ್ತು. "ಒಂದು ತಪ್ಪು ಒಪ್ಪಿಕೊಂಡರೆ ಉಳಿದ ನಾನೂರನ್ನೂ ಯಾರೂ ನಂಬುವುದಿಲ್ಲ."

ಉತ್ತರ ಬರಲು ಆರು ವಾರ ಹಿಡಿಯಿತು. ಮೊರ್ವಾಲ್ ಮಹಾಶಯರ ಸಹಿಯುಳ್ಳ ಅಚ್ಚಾದ ನಕ್ಷೆಯಲ್ಲಿ ಆ ಜಾಗ ಬಳಕೆಯಲ್ಲಿಲ್ಲವೆಂದು ಸ್ಪಷ್ಟವಾಗಿ ಇರುವಾಗ, ಒಬ್ಬ ನಕ್ಷೆಗಾರನ ಮಾತನ್ನು ಅದಕ್ಕಿಂತ ಮೇಲೆಂದು ಎಣಿಸಲಾಗದು ಎಂದಿತ್ತು. ಮೊರ್ವಾಲ್ ಅದನ್ನು ಓದಿ ಮಡಚಿ, ರತ್ಸಿಂಬನ ಕೈಗೆ ಕೊಟ್ಟ. ನನ್ನ ಕೈಲಾದದ್ದು ಇಷ್ಟೇ ಎಂದ. ಬೂಟುಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದ, ಸುತ್ತುವುದನ್ನು ಮುಂದುವರಿಸಿದ.

ರತ್ಸಿಂಬ ಕಚೇರಿಗೆ ಹೇಳದೆ ಹೊರಟ. ಮೂರು ದಿನದ ದಾರಿಯನ್ನು ಎರಡು ದಿನದಲ್ಲಿ ನಡೆದ. ಕೊನೆಯ ಗುಡ್ಡ ಹತ್ತಿದಾಗಲೇ ಗೊತ್ತಾಯಿತು. ಕಪ್ಪು ಕಾಡಿದ್ದ ಕಡೆ ಬೂದುಬಣ್ಣದ ಬಯಲು, ಅದರ ನಡುವೆ ಎರಡು ತೊರೆಗಳೂ ಬೆತ್ತಲೆಯಾಗಿ ಹೊಳೆಯುತ್ತಿದ್ದವು. ಆ ಕೂಡುವ ಜಾಗ ಇಷ್ಟು ಸ್ಪಷ್ಟವಾಗಿ ಮೊದಲು ಎಂದೂ ಕಂಡಿರಲಿಲ್ಲ. ಈಗ ಅಳೆಯಲು ಸುಲಭ ಎಂಬ ಯೋಚನೆ ಅವನ ತಲೆಯಲ್ಲಿ ಬಂದು ಹೋಯಿತು. ಕಸುಬಿನ ಅಭ್ಯಾಸ.

ದಕ್ಷಿಣದಿಂದ ಕರೆತಂದ ಕೂಲಿಗಳು ಕಾಡು ಕಡಿದು, ಒಣಗಲು ಬಿಟ್ಟು, ನಾಲ್ಕು ದಿನದ ಹಿಂದೆ ಬೆಂಕಿ ಇಟ್ಟಿದ್ದರು. ಊರವರು ಓಡಿ ಹೋಗಿ ಅಡ್ಡ ನಿಂತಿದ್ದರು. ಮೇಸ್ತ್ರಿ ಒಂದು ಕಾಗದ ಬಿಚ್ಚಿ ಓದಿ ತೋರಿಸಿದನಂತೆ. ಅದರಲ್ಲಿ ಜೇನುಗುಡ್ಡವಿತ್ತು, ಹಾವುಮೀನಿನ ಹೊಳೆಯಿತ್ತು, ಅಕ್ಕತಂಗಿ ಬಂಡೆಗಳಿದ್ದವು, ಎಲ್ಲ ಸರಿಯಾಗಿ ಅವವುಗಳ ಜಾಗದಲ್ಲೇ. ಇಷ್ಟೆಲ್ಲ ಬರೆಸಿದವರು ನೀವೇ ಅಲ್ಲವೆ, ಅಲ್ಲಿ ಸಮಾಧಿ ಇದ್ದಿದ್ದರೆ ಬರೆಸುತ್ತಿರಲಿಲ್ಲವೆ ಎಂದು ಕೇಳಿದನಂತೆ. 

ಜೀನ ಬೂದಿಯ ಅಂಚಿನಲ್ಲಿ ನೆಲದ ಮೇಲೆ ಕುಳಿತಿದ್ದಳು. ಮುಂದೆ ಹೊಳೆಯ ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಉಳಿದ ಮೂಳೆಗಳನ್ನು ಊರವರು ಒಂದು ಬುಟ್ಟಿಯಲ್ಲಿ ತುಂಬಿದ್ದರು, ಆದರೆ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಬುಟ್ಟಿ ಚಿಕ್ಕದೇ. ದಿಮ್ಮಿಗಳ ಕ್ರಮ ಈಗ ಅವಳೊಬ್ಬಳಿಗೆ ಗೊತ್ತಿತ್ತು. ಮರೆಯುವ ಮೊದಲು ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಇಡುತ್ತಿದ್ದಳು.

ರತ್ಸಿಂಬ ಬೂಟು ಕಳಚಿ ಅವಳ ಎದುರು ಕುಳಿತ. ಶುಂಠಿ ನುಂಗುವ ಹಿಂದಿನ ಸಂಜೆ ತಾನು ನುಂಗಿದ ಮಾತನ್ನು ಅವಳಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ. ಅವಳು ತಲೆಯೆತ್ತದೆ ಮೊದಲು ಮಾತಾಡಿದಳು.

"ಅವರ ಕಾಗದದಲ್ಲಿ ಇಲ್ಲಿ ಏನೂ ಇರ್ಲಿಲ್ಲ. ನಾನೇ ನೋಡ್ದೆ. ನೀನು ಮಾತು ಉಳಿಸ್ಕೊಂಡೆ, ಚಿಕ್ಕಪ್ಪ."

ಅವನು ಸಿದ್ಧಮಾಡಿಕೊಂಡದ್ದು ಅಲ್ಲೇ ನಿಂತಿತು. ಅವಳು ಕೈಯಲ್ಲಿದ್ದ ಕೊನೆಯ ಕಲ್ಲನ್ನು ಅವನ ಕಡೆ ಚಾಚಿದಳು. ಹೆಂಗಸರ ಮೂರನೆಯ ಸಾಲಿನ ತುದಿಯಲ್ಲಿ ಜಾಗ ಬಿಟ್ಟಿದ್ದಳು. ರತ್ಸಿಂಬ ಕಲ್ಲನ್ನು ಅಲ್ಲಿಟ್ಟ. ಇಬ್ಬರೂ ಸೇರಿ ಮೊದಲಿನಿಂದ ಎಣಿಸಿದರು.

ಮರದ ಮನೆಗಳು ಏಳು. ಗಂಡಸರು ಐವತ್ತೆಂಟು. ಹೆಂಗಸರು ಅರವತ್ತಮೂರು. ಮಕ್ಕಳು ಒಂಬತ್ತು. ಹೊರಗಿನಿಂದ ಬಂದವಳು ಒಬ್ಬಳು.